ಜಿ.ಪಿ.ಎಸ್. ಯಂತ್ರಕ್ಕೆ ತಕ್ಕ ರಸ್ತೆ ನಕ್ಷೆ

ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಯಂತ್ರ ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಯಲ್ಲೂ ನಾವಿರುವ ಸ್ಥಳವನ್ನು ಉಪಗ್ರಹಗಳ ನೆರವಿನಿಂದ ತಿಳಿಸುತ್ತದೆ. ಆದರೆ ದಾರಿ ತೋರಿಸುವುದು ಉಪಗ್ರಹವಲ್ಲ, ಯಂತ್ರದೊಳಗಿನ ನಕ್ಷೆ. ಅದು ಹಳೆಯದಾದರೆ ಇಲ್ಲದ ರಸ್ತೆಗೂ ಕೈ ತೋರಿಸೀತು. 2018ರ ಆಗಸ್ಟ್‌ನಲ್ಲಿ ಮಡಿಕೇರಿ-ಸಂಪಾಜೆ ನಡುವೆ ಹೆದ್ದಾರಿಯೇ ಕುಸಿದು ಸಂಚಾರ ನಿಂತದ್ದನ್ನು ನಾವು ಮರೆತಿಲ್ಲ. ಮಳೆಯ ರಾತ್ರಿ ರೋಗಿಯನ್ನು ಹೊತ್ತ ಜೀಪು ಮುಚ್ಚಿದ ದಾರಿಗಿಳಿದರೆ ಗತಿಯೇನು?

ನಕ್ಷೆ ಆರಿಸುವಾಗ ಅದು ದಾರಿಯ ಲೆಕ್ಕ ಹಾಕಬಲ್ಲದೇ ಎಂದು ವಿಚಾರಿಸಬೇಕು. ಗುಡ್ಡ-ಹೊಳೆಗಳ ಚಿತ್ರ ಮಾತ್ರವಿರುವ ನಕ್ಷೆ ತಿರುವು ಹೇಳದು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಸ್ವಯಂಸೇವಕರು ಕೂಡಿ ಬರೆಯುವ ನಕ್ಷೆ. ಅದರಿಂದ ತಯಾರಿಸಿದ, ಗಾರ್ಮಿನ್ ಯಂತ್ರಗಳಿಗೆ ಹೊಂದುವ ಕಡತಗಳು ಉಚಿತವಾಗಿ ಸಿಗುತ್ತವೆ. ತಪ್ಪು ಕಂಡರೆ ನಾವೇ ತಿದ್ದಬಹುದು. ಇದೂ ಒಂದು ಬಗೆಯ ಸಹಕಾರವೇ ಸರಿ.

ಮುಂಗಾರಿಗೆ ಮೊದಲೊಮ್ಮೆ, ಕೊಯ್ಲಿಗೆ ಮುಂಚೆ ಇನ್ನೊಮ್ಮೆ ನಕ್ಷೆ ಬದಲಿಸುವುದು ಲೇಸು. ಮೊದಲು ಹಳೆಯ ಕಡತವನ್ನೂ ಗುರುತು ಹಾಕಿದ ಸ್ಥಳಗಳನ್ನೂ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಬೇಕು. ಒಂದೇ ಪ್ರದೇಶದ ಎರಡು ನಕ್ಷೆಗಳನ್ನು ಒಟ್ಟಿಗೆ ತೆರೆದಿಟ್ಟರೆ ಒಂದು ಮತ್ತೊಂದನ್ನು ಮರೆಮಾಡುತ್ತದೆ. ಹೊಸದನ್ನು ಪರಿಚಿತ ದಾರಿಯಲ್ಲೇ ಪರೀಕ್ಷಿಸತಕ್ಕದ್ದು.

ನಕ್ಷೆ ಎಷ್ಟೇ ಹೊಸದಾದರೂ ನಿನ್ನೆ ರಾತ್ರಿ ಬಿದ್ದ ಮರ ಅದರಲ್ಲಿರದು. ಹೊರಡುವ ಮುನ್ನ ಆ ಊರಿನವರನ್ನು ಕೇಳುವ ರೂಢಿಯನ್ನು ಸದಸ್ಯ ಬಾಂಧವರು ಬಿಡಬಾರದೆಂದು ಕೋರುತ್ತೇವೆ.