ಟೆಲಿಫೋನ್ ತಂತಿಯ ದುಭಾಷಿ

ಗಣಕಯಂತ್ರವು ತನ್ನಲ್ಲಿರುವುದೆಲ್ಲವನ್ನೂ ಒಂದು, ಸೊನ್ನೆ ಎಂಬ ಎರಡೇ ಅಂಕಿಗಳಲ್ಲಿ ಇಟ್ಟುಕೊಳ್ಳುವುದೆಂಬುದನ್ನು ನಮ್ಮ ವಾಚಕರು ಬಲ್ಲರು. ಟೆಲಿಫೋನಿನ ತಂತಿಯಾದರೋ ಮನುಷ್ಯರ ಮಾತಿಗಾಗಿ ಹಾಕಲ್ಪಟ್ಟದ್ದು. ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳುಳ್ಳ ಧ್ವನಿಗಳನ್ನು ಮಾತ್ರ ಅದು ಚೆನ್ನಾಗಿ ಒಯ್ಯುವುದು. ಆದಕಾರಣ ಅಂಕಿಗಳನ್ನು ಧ್ವನಿಯಾಗಿ ಮಾರ್ಪಡಿಸಿ ಕಳುಹಿಸಲಿಕ್ಕೂ, ಆಚೆಯ ಕಡೆಯಲ್ಲಿ ಅದನ್ನು ತಿರುಗಿ ಅಂಕಿಗಳನ್ನಾಗಿ ಮಾಡಲಿಕ್ಕೂ ಒಬ್ಬ ದುಭಾಷಿಯು ಬೇಕಾಯಿತು. ಅದೇ ಮೋಡೆಮ್.

1962ರಲ್ಲಿ ಅಮೇರಿಕಾದ ಬೆಲ್ ಸಂಸ್ಥೆಯವರು ಹೊರತಂದ ಮೋಡೆಮ್ ಸೆಕೆಂಡಿಗೆ 300 ಬಿಟ್ಟುಗಳನ್ನು ಸಾಗಿಸುತ್ತಿತ್ತು. ಹತ್ತು ಲಕ್ಷ ಬೈಟುಗಳ, ಅಂದರೆ 80 ಲಕ್ಷ ಬಿಟ್ಟುಗಳ, ಒಂದು ಕಡತವನ್ನು ಆ ವೇಗದಿಂದ ಕಳುಹಿಸುವುದಾದರೆ ಏಳು ಗಂಟೆಗೂ ಮಿಕ್ಕಿ ಹಿಡಿಯುವುದು. 1991ರ 14,400ರ ವೇಗಕ್ಕೆ ಒಂಬತ್ತು ನಿಮಿಷಗಳಿಗೆ ತುಸು ಹೆಚ್ಚು; 1994ರ 28,800ಕ್ಕೆ ಐದು ನಿಮಿಷಗಳಿಗೂ ಕಡಿಮೆ. ಮನೆಯಲ್ಲಿ ಕುಳಿತು ಬೆರಳಚ್ಚು ಮಾಡಿ, ಬರೆಹವನ್ನು ತಂತಿಯ ಮೂಲಕ ಕಳುಹಿಸಿ ಜೀವಿಸುತ್ತಿದ್ದವಳಿಗೆ, ಅದರಲ್ಲಿಯೂ ಕರೆಗೆ ನಿಮಿಷದ ಲೆಕ್ಕದಲ್ಲಿ ಹಣ ತೆರುತ್ತಿದ್ದವಳಿಗೆ, ಈ ವ್ಯತ್ಯಾಸವು ಅಲ್ಪವಾದದ್ದಲ್ಲ.

ಹೀಗಿರುವಲ್ಲಿ 1997ರಲ್ಲಿ 56,000ರ ಮೋಡೆಮ್‌ಗಳು ಪೇಟೆಗೆ ಬಂದವು; ಅವುಗಳೊಡನೆ ತೊಡಕೂ ಬಂದಿತು. ಯು. ಎಸ್. ರೋಬೋಟಿಕ್ಸಿನವರ ಎಕ್ಸ್2 ಎಂಬುದು ಒಂದು ಪದ್ಧತಿ. ರಾಕ್‌ವೆಲ್ ಮತ್ತು ಲೂಸೆಂಟಿನವರ ಕೆ56ಫ್ಲೆಕ್ಸ್ ಎಂಬುದು ಇನ್ನೊಂದು. ಬಾಬೆಲಿನ ಗೋಪುರದ ಕೆಲಸಗಾರರಂತೆ ಒಂದರ ಭಾಷೆಯು ಮತ್ತೊಂದಕ್ಕೆ ತಿಳಿಯದು. ತಿಳಿಯದಿದ್ದಾಗ ಎರಡೂ ಹಳೆಯ, ನಿಧಾನವಾದ ಭಾಷೆಗೆ ಇಳಿಯುತ್ತಿದ್ದವು. 1998ರಲ್ಲಿ ವಿ.90 ಎಂಬ ಸರ್ವಸಮ್ಮತವಾದ ಪದ್ಧತಿಯು ಏರ್ಪಟ್ಟ ಮೇಲೆ ಈ ಕಲಹವು ಶಾಂತವಾಯಿತು. ಅಲ್ಲಿಯ ವರೆಗೆ ಕೊಳ್ಳುವವರು ತಾವು ಕರೆಯತಕ್ಕ ಸಂಸ್ಥೆಯು ಯಾವ ಪದ್ಧತಿಯನ್ನು ಇಟ್ಟುಕೊಂಡಿದೆಯೆಂದು ಮೊದಲು ವಿಚಾರಿಸಬೇಕಾಗಿತ್ತು.

ಡಬ್ಬಿಯ ಮೇಲಿನ 56,000 ಎಂಬ ಅಂಕಿಯು ಬರುವ ದಾರಿಗೆ ಮಾತ್ರ ಸಲ್ಲುವುದೆಂಬುದನ್ನು ಮಾರುವವರು ಅಷ್ಟಾಗಿ ಹೇಳುತ್ತಿರಲಿಲ್ಲ. ಕಾರಣವೇನೆಂದರೆ, ಟೆಲಿಫೋನ್ ಕಚೇರಿಯು ಮನೆಯಿಂದ ಬಂದ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಈ ಅಳತೆಯಲ್ಲಿ ಸ್ವಲ್ಪ ಸೂಕ್ಷ್ಮತೆಯು ನಷ್ಟವಾಗುವುದರಿಂದ ವೇಗವು 33,600ನ್ನು ಮೀರಲಾರದು. ಇಂಟರ್‌ನೆಟ್ ಒದಗಿಸುವ ಸಂಸ್ಥೆಯಾದರೋ ಅಂಕಿಗಳ ರೂಪದಲ್ಲಿಯೇ ಕಚೇರಿಗೆ ಜೋಡಿಸಲ್ಪಟ್ಟಿದ್ದರೆ, ಅದು ಕಳುಹಿಸುವುದಕ್ಕೆ ಆ ನಷ್ಟವಿಲ್ಲ. ಆದುದರಿಂದ ಎರಡು ಮನೆಗಳ ಯಂತ್ರಗಳನ್ನು ನೇರವಾಗಿ ಜೋಡಿಸಿ ಕಡತಗಳನ್ನು ಸಾಗಿಸಬೇಕೆಂದಿದ್ದವರಿಗೆ 56,000ರ ಮೋಡೆಮ್ ವ್ಯರ್ಥವಾದ ವೆಚ್ಚವೆಂದೇ ನಮ್ಮ ಅಭಿಪ್ರಾಯ, 33,600ರದ್ದೇ ಸಾಕು. 2000ದ ವಿ.92 ಪದ್ಧತಿಯು ಮನೆಯಿಂದ ಹೋಗುವ ದಾರಿಯನ್ನು 48,000ದ ವರೆಗೆ ಏರಿಸಿತು. ಅದಕ್ಕೂ ಆಚೆಯ ತುದಿಯು ಅಂಕಿಗಳದ್ದೇ ಆಗಿರಬೇಕು.

ಯಂತ್ರದೊಳಗೆ ಸೇರಿಸುವ ಅಗ್ಗದ ಮೋಡೆಮ್‌ಗಳಲ್ಲಿ ಕೆಲವು ತಮ್ಮ ಕೆಲಸವನ್ನು ಗಣಕದ ತಲೆಗೇ ಕಟ್ಟುತ್ತಿದ್ದವು. ವಿಂಡೋಸ್ ಇಲ್ಲದ ಕಡೆ ಅವು ಬಹುಮಟ್ಟಿಗೆ ನಿರುಪಯೋಗಿ. ಹೊರಗೆ ಇಡುವ, ದೀಪಗಳುಳ್ಳ ಪೆಟ್ಟಿಗೆಯನ್ನೇ ನಾವು ಮೆಚ್ಚುವೆವು, ಏಕೆಂದರೆ ಕೆಲಸವು ನಿಂತಿತೋ ನಡೆಯುತ್ತಿದೆಯೋ ಎಂಬುದು ಕಣ್ಣಿಗೆ ಕಾಣುವುದು. ಆದರೆ ಗಣಕದ ಸೀರಿಯಲ್ ದ್ವಾರದಲ್ಲಿ 16550 ಎಂಬ ಬಿಲ್ಲೆಯಿರಬೇಕು. ಅದು 16 ಬೈಟುಗಳನ್ನು ಸರದಿಯಲ್ಲಿ ನಿಲ್ಲಿಸಬಲ್ಲದು. ಹಳೆಯ 8250 ಒಂದನ್ನೇ ಹಿಡಿಯುವುದರಿಂದ ವೇಗ ಹೆಚ್ಚಾದಾಗ ಅಕ್ಷರಗಳು ಉದುರಿಹೋಗುತ್ತಿದ್ದವು. ಮೋಡೆಮ್ ತಾನೇ ಕಡತವನ್ನು ನಾಲ್ಕು ಪಾಲು ಕುಗ್ಗಿಸುವುದೆಂಬ ಜಾಹೀರಾತು ಬರೆಹಕ್ಕೆ ಒಂದಿಷ್ಟು ಸಲ್ಲುವುದೇ ಹೊರತು, ಮೊದಲೇ ಕುಗ್ಗಿಸಿದ ಜಿಪ್ ಕಡತಕ್ಕೂ ಚಿತ್ರಕ್ಕೂ ಸಲ್ಲದು.

ಅಮೇರಿಕಾದ ಎಒಎಲ್ ಸಂಸ್ಥೆಯು ತನ್ನ ಡಯಲ್-ಅಪ್ ಸೇವೆಯನ್ನು 2025ನೆಯ ಸೆಪ್ಟೆಂಬರ್ 30ರಂದು ನಿಲ್ಲಿಸಿತು.