ಅಂತರಜಾಲದ ಹರಾಜಿನಲ್ಲಿ ಹಳೆಯ ದೋಣಿ: ಸವಾಲಿಗೆ ಮುನ್ನ ತಳ ನೋಡಿರಿ

ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಕಟ್ಟಿದ ದೋಣಿಗಳಿಗೂ ಇದೇ ನಿಯಮ. ಈ ಎರಡು ತಿಂಗಳು ಬಹಳಷ್ಟು ದೋಣಿಗಳು ದಂಡೆಯ ಮೇಲೆ ಮಲಗಿರುತ್ತವೆ. ಹಳೆಯ ದೋಣಿ ಕೊಳ್ಳಬೇಕೆನ್ನುವವರಿಗೆ ನೋಡಿ ಬರಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನೀರಿನಲ್ಲಿ ತೇಲುವಾಗ ಕಾಣದ ತಳ ಈಗ ಕಣ್ಣೆದುರಿಗೆ ಇರುತ್ತದೆ.

ದೋಣಿ ಮೀನುಗಾರರಿಗೆ ಮಾತ್ರ ಬೇಕಾದ ವಸ್ತುವಲ್ಲ. ಅಘನಾಶಿನಿಯ ಅಳಿವೆಯಲ್ಲಿ ಗಜನಿ ಗದ್ದೆ ಇಟ್ಟುಕೊಂಡು ಕಗ್ಗ ಭತ್ತ ಬೆಳೆಯುವವರಿಗೆ, ಗಂಗೊಳ್ಳಿಯ ಸುತ್ತಿನ ಕುದ್ರುಗಳಲ್ಲಿ ತೆಂಗು ಬೆಳೆಯುವವರಿಗೆ, ಜಲಾಶಯಗಳ ಹಿನ್ನೀರಿನ ಆಚೆ ದಡದಲ್ಲಿ ಜಮೀನು ಉಳಿದವರಿಗೆ ಅದು ಗಾಡಿ ಇದ್ದ ಹಾಗೆ. ಹೊಸ ಫೈಬರ್ ದೋಣಿಗೂ ಅದರ ಹಿಂದೆ ಕಟ್ಟುವ ಎಂಜಿನ್ನಿಗೂ ಒಟ್ಟಿಗೆ ಹಣ ಹೊಂದಿಸುವುದು ಸಣ್ಣ ಹಿಡುವಳಿದಾರರ ಕೈಗೆ ಎಟುಕದ ಮಾತು. ಆದ್ದರಿಂದ ಕಣ್ಣು ಹಳೆಯ ದೋಣಿಯ ಕಡೆ ಹೊರಳುತ್ತದೆ. ಹಿಂದೆ ಇಂತಹ ವ್ಯಾಪಾರ ಬಾಯಿಮಾತಿನಲ್ಲಿ, ಪರಿಚಯದವರ ನಡುವೆ ನಡೆಯುತ್ತಿತ್ತು. ಈಗ ಮೊಬೈಲ್ ಫೋನಿನಲ್ಲಿ ಚಿತ್ರ ಬರುತ್ತದೆ, ಕೆಳಗೆ ಒಂದು ಬೆಲೆ ಇರುತ್ತದೆ, ಗಡಿಯಾರ ಓಡುತ್ತಿರುತ್ತದೆ.

ಹರಾಜಿನ ಬಗೆ

ಹೀಗೆ ಅಂತರಜಾಲದಲ್ಲಿ ಹರಾಜು ಹಾಕುವ ಪದ್ಧತಿಗೆ ಹೆಸರು ತಂದುಕೊಟ್ಟದ್ದು ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ 1995ರಲ್ಲಿ ಆರಂಭಿಸಿದ, ಆಮೇಲೆ ‘ಈಬೇ’ ಎಂದು ಕರೆಯಲಾದ ತಾಣ. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ದೀಪದ ಕಡ್ಡಿ, 14.83 ಡಾಲರಿಗೆ. ಕೊಂಡಾತ ಅದು ಕೆಟ್ಟದ್ದೆಂದು ತಿಳಿದೇ ಕೊಂಡಿದ್ದನಂತೆ. ದೋಣಿ ಕೊಳ್ಳುವವರಿಗೆ ಅಂಥ ಶೋಕಿ ಹೊಂದುವುದಿಲ್ಲ.

ನಮ್ಮ ದೇಶದಲ್ಲಿ ಸರ್ಕಾರಿ ಇಲಾಖೆಗಳು ಮತ್ತು ನಿಗಮಗಳು ತಮಗೆ ಬೇಡವಾದ ಸಾಮಾನುಗಳನ್ನು ಎಂ.ಎಸ್.ಟಿ.ಸಿ. ಮೂಲಕ ಹರಾಜು ಹಾಕುವುದುಂಟು. ಇದು 1964ರಲ್ಲಿ ಸ್ಥಾಪನೆಯಾದ, ಕೇಂದ್ರದ ಉಕ್ಕು ಸಚಿವಾಲಯಕ್ಕೆ ಸೇರಿದ ಸಂಸ್ಥೆ. ಸೇವೆಯಿಂದ ತೆಗೆದುಹಾಕಿದ ದೋಣಿ, ಲಾಂಚುಗಳೂ ಇಂತಹ ಪಟ್ಟಿಯಲ್ಲಿ ಬರುತ್ತವೆ. ಸಾಲ ತೀರದೆ ವಶಕ್ಕೆ ಬಂದ ಸ್ವತ್ತನ್ನು ಸಾಲ ಕೊಟ್ಟವರೂ ಹರಾಜಿಗೆ ಇಡುತ್ತಾರೆ. ಇವೆರಡಕ್ಕೂ ಸೇರದೆ, ಮಾಲೀಕರೇ ಚಿತ್ರ ಹಾಕಿ ಮಾರುವ ಖಾಸಗಿ ತಾಣಗಳೂ ಇವೆ. ಮೂರರಲ್ಲಿಯೂ ಅಪಾಯ ಒಂದೇ ಬಗೆಯದಲ್ಲ.

ತಿಪಟೂರಿನ ಕೊಬ್ಬರಿ ಮಾರುವವರಿಗೆ ಗಣಕಯಂತ್ರದ ಟೆಂಡರು ಹೊಸದೇನಲ್ಲ. ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ 2014ರಿಂದ, ದೇಶದ ಮಟ್ಟದಲ್ಲಿ ‘ಇ-ನಾಮ್’ 2016ರಿಂದ ನಡೆದಿವೆ. ಆದರೆ ಅಲ್ಲಿ ರೈತ ಮಾರುವವನು. ಬಂದ ಧಾರಣೆ ಒಪ್ಪಿಗೆಯಾಗದಿದ್ದರೆ ಮಾಲು ಕೊಡುವುದಿಲ್ಲ ಎನ್ನಬಹುದು. ದೋಣಿಯ ಹರಾಜಿನಲ್ಲಿ ಆತ ಕೊಳ್ಳುವವನು. ಸವಾಲು ಹಾಕಿದ ಮೇಲೆ ಹಿಂದೆಗೆಯಲು ಬರುವುದಿಲ್ಲ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ಸುತ್ತಿಗೆ ಬೀಳುವವರೆಗೆ ಸವಾಲನ್ನು ವಾಪಸು ಪಡೆಯಬಹುದಾದರೂ, ಅಂತರಜಾಲದ ಹರಾಜುಗಳ ಷರತ್ತುಗಳಲ್ಲಿ ಸಾಮಾನ್ಯವಾಗಿ ಆ ಅವಕಾಶ ಇರುವುದಿಲ್ಲ. ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತಿದಾಗಲೇ ಆ ಷರತ್ತಿಗೆ ರುಜು ಹಾಕಿದಂತೆ. ಗೆದ್ದು ಹಣ ಕಟ್ಟದಿದ್ದರೆ ಮುಂಗಡ ಠೇವಣಿ ಮುಟ್ಟುಗೋಲಾಗುತ್ತದೆ.

ಷರತ್ತುಗಳ ಪೈಕಿ ಒಂದು ಸಾಲನ್ನು ಎರಡು ಸಲ ಓದಬೇಕು: ‘ಇದ್ದ ಸ್ಥಿತಿಯಲ್ಲಿ, ಇದ್ದ ಸ್ಥಳದಲ್ಲಿ.’ ಅಂದರೆ ತೂತಿದ್ದರೆ ತೂತು ನಿಮ್ಮದು, ಎಂಜಿನ್ ಬಿಚ್ಚಿ ಒಯ್ದಿದ್ದರೆ ಆ ಕೊರತೆಯೂ ನಿಮ್ಮದು, ಎತ್ತಿಕೊಂಡು ಹೋಗುವ ಖರ್ಚೂ ನಿಮ್ಮದೇ. ಚಿತ್ರದಲ್ಲಿ ಹಾಗೆ ಇರಲಿಲ್ಲವೆಂದು ಆಮೇಲೆ ಹೇಳಿ ಪ್ರಯೋಜನವಿಲ್ಲ. ಇನ್ನೊಂದು ಮಾತು. ಕೆಲವು ದೋಣಿಗಳನ್ನು ಗುಜರಿಯೆಂದು, ಒಡೆದು ತೆಗೆಯುವುದಕ್ಕಷ್ಟೇ ಮಾರುತ್ತಾರೆ. ಅಂಥದನ್ನು ಕೊಂಡು ರಿಪೇರಿ ಮಾಡಿ ನೀರಿಗಿಳಿಸುತ್ತೇನೆ ಎಂದರೆ ನೋಂದಣಿ ಸಿಗದೆ ದೋಣಿ ಹಿತ್ತಿಲಲ್ಲೇ ಉಳಿದೀತು.

ತಳ, ಹಲಗೆ, ಎಂಜಿನ್

ಘಾಟಿ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಆಮೇಲಷ್ಟೇ ವಸ್ತ್ರದ ಕೆಳಗೆ ಕೈ ಹಿಡಿದು ಬೆಲೆ ಕುದುರಿಸುವುದು. ಅದೇ ಜನ ಮೊಬೈಲಿನ ಚಿತ್ರ ನೋಡಿ ಲಕ್ಷ ರೂಪಾಯಿಯ ದೋಣಿಗೆ ಸವಾಲು ಹಾಕಿದರೆಂದರೆ ಆಶ್ಚರ್ಯವಾಗುತ್ತದೆ. ಇಲಾಖೆಯ ಹರಾಜುಗಳಲ್ಲಿ ಮಾಲು ನೋಡುವುದಕ್ಕೆಂದೇ ದಿನ ಗೊತ್ತುಮಾಡಿರುತ್ತಾರೆ. ಆ ದಿನ ಬಸ್ಸು ಹತ್ತಿ ಹೋಗಿಬನ್ನಿ. ಒಬ್ಬರೇ ಹೋಗದೆ, ದೋಣಿ ಕಟ್ಟುವ ಆಚಾರಿಯೊಬ್ಬರನ್ನು ದಿನಗೂಲಿ ಕೊಟ್ಟಾದರೂ ಕರೆದೊಯ್ಯಿರಿ. ಖಾಸಗಿ ಮಾರಾಟಗಾರ ‘ನೋಡಲು ಬರಬೇಡಿ, ಹಣ ಕಳಿಸಿದರೆ ಲಾರಿಗೆ ಹಾಕಿಸುತ್ತೇನೆ’ ಎಂದರೆ ಮಾತು ಅಲ್ಲಿಗೇ ನಿಲ್ಲಿಸಬಹುದು.

ಫೈಬರ್ ದೋಣಿಯೆಂದರೆ ಗಾಜಿನ ಎಳೆಯ ಹಾಸು ಮತ್ತು ರಾಳವನ್ನು ಪದರ ಪದರವಾಗಿ ಕೂಡಿಸಿ ಮಾಡಿದ್ದು. ಪದರಗಳು ಒಂದನ್ನೊಂದು ಬಿಟ್ಟುಕೊಟ್ಟರೆ ದೋಣಿಯ ಬಲ ಹೋಯಿತು. ಇದನ್ನು ಕಣ್ಣಿಗಿಂತ ಕಿವಿ ಚೆನ್ನಾಗಿ ಹಿಡಿಯುತ್ತದೆ. ಒಂದು ನಾಣ್ಯದಿಂದಲೋ ಸಣ್ಣ ಸುತ್ತಿಗೆಯಿಂದಲೋ ಮೂತಿಯಿಂದ ಹಿಂಬದಿಯವರೆಗೆ ಗೇಣಿಗೊಂದು ಸಲ ತಟ್ಟುತ್ತ ಬನ್ನಿ. ಗಟ್ಟಿ ಜಾಗದಲ್ಲಿ ಸದ್ದು ‘ಟಣ್’ ಎಂದು ಚುರುಕಾಗಿರುತ್ತದೆ. ಪದರ ಬಿಟ್ಟಲ್ಲಿ, ನೀರು ಕುಡಿದಲ್ಲಿ ‘ದಬ್’ ಎಂದು ಮಂದವಾಗುತ್ತದೆ. ಹಲಸಿನ ಹಣ್ಣು ತಟ್ಟಿ ಬಲಿತಿದೆಯೇ ಎಂದು ಹೇಳಬಲ್ಲ ಕೈಗೆ ಇದು ಕಷ್ಟವಲ್ಲ. ತಳದಲ್ಲಿ ಗುಳ್ಳೆಗಳೆದ್ದಿದ್ದರೆ ಒಳಗೆ ನೀರು ಇಳಿದಿದೆ ಎಂದರ್ಥ. ಹೊಸದಾಗಿ ಬಣ್ಣ ಬಳಿದ ತಳವನ್ನು ಕಂಡರೆ ಸಂತೋಷಪಡದೆ, ಬಣ್ಣ ಏಕೆ ಬೇಕಾಯಿತೆಂದು ಕೇಳಿರಿ.

ಹೊರಗೆ ಕಟ್ಟುವ ಎಂಜಿನ್ನಿನ ಭಾರವನ್ನೂ ಅದರ ತಳ್ಳುವ ಬಲವನ್ನೂ ಹೊರುವುದು ದೋಣಿಯ ಹಿಂಬದಿಯ ಹಲಗೆ. ಫೈಬರ್ ದೋಣಿಗಳಲ್ಲಿ ಈ ಹಲಗೆಯ ಹೊಟ್ಟೆಯಲ್ಲಿ ಹೆಚ್ಚಾಗಿ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರಿಳಿದು ಅದು ಒಳಗೊಳಗೇ ಕೊಳೆಯುತ್ತದೆ. ಹೊರಗಿನ ಫೈಬರ್ ಮಾತ್ರ ಹೊಳೆಯುತ್ತಿರುತ್ತದೆ. ಎಂಜಿನ್ನಿನ ಕೆಳತುದಿಯನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ, ಇನ್ನೊಬ್ಬರು ಹಲಗೆಯನ್ನೇ ನೋಡುತ್ತಿರಲಿ. ಹಲಗೆ ಬಾಗಿದರೆ, ಮೂಲೆಗಳಲ್ಲಿ ಕೂದಲೆಳೆಯ ಬಿರುಕು ಬಾಯಿ ಬಿಟ್ಟರೆ, ಆ ದೋಣಿಗೆ ಹೊಸ ಹಲಗೆಯ ಖರ್ಚು ಕಾದಿದೆ. ಇದನ್ನು ಗಮನಿಸದೆ ಕಡಲಿಗೆ ಹೋದವರ ಎಂಜಿನ್ ನಡುನೀರಿನಲ್ಲಿ ಹಲಗೆಯ ಸಮೇತ ಕಿತ್ತುಬಂದರೆ ಹಿಂದಿನಿಂದ ನೀರು ನುಗ್ಗುತ್ತದೆ. ಹಣ ಹೋಗುವ ಮಾತು ಹಾಗಿರಲಿ, ದೋಣಿಯಲ್ಲಿ ಮನುಷ್ಯರಿರುತ್ತಾರೆ.

ಮರದ ದೋಣಿಯಾದರೆ ಶತ್ರು ಬೇರೆ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ಹೆಸರಿಗೆ ಹುಳು, ಜಾತಿಯಲ್ಲಿ ಚಿಪ್ಪಿಕಲ್ಲಿನ ಬಳಗ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ರಂಧ್ರದಿಂದ ಒಳಹೊಕ್ಕು, ಅಲ್ಲೇ ಬೆಳೆದು, ಹಲಗೆಯನ್ನು ಒಳಗೇ ಜೇನುಗೂಡಿನಂತೆ ಮಾಡುತ್ತದೆ. ಹೊರಗೆ ಸೂಜಿರಂಧ್ರ ಬಿಟ್ಟರೆ ಏನೂ ಕಾಣದು. ಮೊನಚಾದ ಚಾಕು ಇಲ್ಲವೆ ದಬ್ಬಣದಿಂದ ನೀರಗೆರೆಯ ಕೆಳಗಿನ ಹಲಗೆಗಳನ್ನೂ ಅಡಿಯ ನಡುಮರವನ್ನೂ ಚುಚ್ಚಿ ನೋಡಬೇಕು. ಮೊನೆ ಸಲೀಸಾಗಿ ಇಳಿದರೆ ಆ ಮರ ಮುಗಿದಂತೆ. ಹೆಬ್ಬಲಸಿನಂತಹ ಗಟ್ಟಿ ಮರದಲ್ಲಿ ಕಟ್ಟಿ, ಕಾಲಕಾಲಕ್ಕೆ ಗೇರು ಸಿಪ್ಪೆಯ ಎಣ್ಣೆಯನ್ನೋ ಮೀನೆಣ್ಣೆಯನ್ನೋ ಬಳಿಯುತ್ತ ಬಂದ ದೋಣಿ ಬಹುಕಾಲ ಬಾಳುತ್ತದೆ; ಎಣ್ಣೆ ಕಾಣದ ದೋಣಿಗೆ ವಯಸ್ಸು ಕಡಿಮೆಯಿದ್ದರೂ ಮುಪ್ಪು ಬಂದಿರುತ್ತದೆ.

ಎಂಜಿನ್ನಿನ ವಿಷಯ ಟ್ರಾಕ್ಟರು, ಪಂಪುಸೆಟ್ಟು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹೋದ ಕೂಡಲೇ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ನೀವು ಬರುವ ಮುಂಚೆ ಓಡಿಸಿಟ್ಟಿದ್ದಾರೆ, ತಣ್ಣಗಿದ್ದಾಗ ಅದು ಹಟ ಮಾಡುತ್ತದೋ ಏನೋ ತಿಳಿಯದು. ನೀರು ತುಂಬಿದ ಡ್ರಮ್ಮಿನಲ್ಲಿ ಕೆಳತುದಿ ಮುಳುಗಿಸಿ ಚಾಲೂ ಮಾಡಿಸಿರಿ. ಒಣದಾಗಿ ಓಡಿಸಬಾರದು. ತಂಪು ಮಾಡುವ ನೀರು ಪಕ್ಕದ ಸಣ್ಣ ತೂತಿನಿಂದ ಸತತವಾಗಿ ಚಿಮ್ಮುತ್ತಿರಬೇಕು. ಗೇರಿನ ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲು ಸೋರಿ ಒಳಗೆ ನೀರು ಹೋಗಿದೆ. ಎಂಜಿನ್ನಿನ ಮೇಲಿನ ನಂಬರನ್ನು ಬರೆದುಕೊಂಡು ಕಾಗದಪತ್ರದೊಂದಿಗೆ ತಾಳೆ ನೋಡಿರಿ.

ಕಾಗದಪತ್ರ

ಸವಾಲಿಗೆ ಮುಂಚೆಯೇ ಹೋಗಬೇಕಾದ ಇನ್ನೊಂದು ಜಾಗ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿ. ಈ ದೋಣಿ ನನ್ನ ಹೆಸರಿಗೆ ವರ್ಗವಾಗುತ್ತದೆಯೇ, ಮೀನು ಹಿಡಿಯುವ ಲೈಸೆನ್ಸು ಸಿಗುತ್ತದೆಯೇ ಎಂದು ನೋಂದಣಿ ಸಂಖ್ಯೆ ತೋರಿಸಿ ಕೇಳಿರಿ. ರಾಜ್ಯದ ಕಡಲ ಮೀನುಗಾರಿಕೆಗೆ 1986ರ ಕಾಯಿದೆ ಅನ್ವಯಿಸುತ್ತದೆ. ಕೇರಳ, ಗೋವಾ ಕಡೆಯ ದೋಣಿಯಾದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣ ಪತ್ರವನ್ನೂ ವಿಚಾರಿಸಬೇಕು. ನದಿ, ಹಿನ್ನೀರಿನಲ್ಲಿ ಎಂಜಿನ್ ಹಾಕಿ ಓಡಿಸುವ ದೋಣಿಗಳಿಗೆ 1917ರ ಹಳೆಯ ಕಾಯಿದೆಯ ಬದಲು ಬಂದ 2021ರ ಒಳನಾಡು ಹಡಗುಗಳ ಕಾಯಿದೆ ಇದೆ. ದೋಣಿಯ ಮೇಲೆ ಸಾಲ ಬಾಕಿ ಇದ್ದರೆ, ತೀರಿದೆಯೆಂಬ ಬ್ಯಾಂಕಿನ ಪತ್ರ ಇಲ್ಲದೆ ಮುಂದುವರಿಯಬೇಡಿ.

ಎಷ್ಟಕ್ಕೆ ನಿಲ್ಲಬೇಕು?

ಲೆಕ್ಕವನ್ನು ಕೆಳಗಿನಿಂದ ಮೇಲಕ್ಕಲ್ಲ, ಮೇಲಿನಿಂದ ಕೆಳಕ್ಕೆ ಹಾಕಬೇಕು. ಒಂದು ಉದಾಹರಣೆ ಊಹಿಸೋಣ. ಅಂಥದೇ ದೋಣಿ ಸುಸ್ಥಿತಿಯಲ್ಲಿ ನಿಮ್ಮ ಬಂದರಿನಲ್ಲಿ 4 ಲಕ್ಷ ರೂಪಾಯಿಗೆ ಸಿಗುತ್ತದೆ ಎನ್ನಿ. ಹಿಂಬದಿ ಹಲಗೆಗೆ 45 ಸಾವಿರ, ಎಂಜಿನ್ ರಿಪೇರಿಗೆ 60 ಸಾವಿರ, ಕ್ರೇನು ಮತ್ತು ಲಾರಿಗೆ 40 ಸಾವಿರ, ಕಾಗದಪತ್ರಕ್ಕೆ 15 ಸಾವಿರ, ಕಾಣದ ಖರ್ಚಿಗೆ 40 ಸಾವಿರ. ಒಟ್ಟು 2 ಲಕ್ಷ ಕಳೆದು ಉಳಿದದ್ದು 2 ಲಕ್ಷ. ಆದರೆ ಸವಾಲು ಅಷ್ಟಕ್ಕೆ ಹಾಕುವಂತಿಲ್ಲ. ತೆರಿಗೆ ಮತ್ತು ಹರಾಜಿನ ಶುಲ್ಕ ಸವಾಲಿನ ಮೇಲೆ ಪ್ರತ್ಯೇಕವಾಗಿ ಬೀಳುವುದಾದರೆ, ಅವೆರಡೂ ಸೇರಿ ನೂರಕ್ಕೆ 20 ಎಂದಿಟ್ಟುಕೊಂಡರೆ, ನಿಲ್ಲಬೇಕಾದ ಮೊತ್ತ ಸುಮಾರು 1 ಲಕ್ಷ 65 ಸಾವಿರ. ಇದನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟಿಡಿ.

ಈ ಚೀಟಿ ಏಕೆಂದರೆ, ಹತ್ತು ಜನ ಒಂದೇ ದೋಣಿಗೆ ಬೆಲೆ ಕಟ್ಟಿದಾಗ ಕೆಲವರು ಕಡಿಮೆ ಅಂದಾಜು ಮಾಡುತ್ತಾರೆ, ಕೆಲವರು ಹೆಚ್ಚು. ಹರಾಜು ನಿಲ್ಲುವುದು ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವರ ಹೆಸರಿನಲ್ಲಿ. ಹಲಗೆ ಕೊಳೆತದ್ದನ್ನು ಕಂಡ ಒಂಬತ್ತು ಜನ ಬಿಟ್ಟುಹೋದ ಮೇಲೆ ಕಾಣದ ಹತ್ತನೆಯವರು ಗೆದ್ದಿರಬಹುದು. ಕೊನೆಯ ನಿಮಿಷಗಳಲ್ಲಿ ಸವಾಲು ಬಿದ್ದರೆ ಮುಕ್ತಾಯದ ವೇಳೆ ತಾನಾಗಿ ಮುಂದಕ್ಕೆ ಹೋಗುವ ಏರ್ಪಾಡು ಹಲವು ಹರಾಜುಗಳಲ್ಲಿದೆ. ಹಾಗಾಗಿ ಕೊನೆಯ ಗಳಿಗೆಯಲ್ಲಿ ಜಾಣತನ ತೋರುತ್ತೇನೆಂಬುದು ಅಲ್ಲಿ ನಡೆಯದು. ಹಟ ಮಾತ್ರ ಏರುತ್ತದೆ. ಅಂಕಿ ಒತ್ತುವಾಗ ಸೊನ್ನೆಗಳನ್ನು ಎಣಿಸಿರಿ. ಒಂದು ಸೊನ್ನೆ ಹೆಚ್ಚಾಗಿ ಠೇವಣಿ ಕಳೆದುಕೊಳ್ಳುವುದು ತೀರ ಸುಲಭ.

ಮೋಸದ ತಾಣಗಳ ಬಗ್ಗೆ ಎರಡೇ ಮಾತು. ಹಣ ಪಡೆಯಲು ಯುಪಿಐ ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ; ‘ಠೇವಣಿ ವಾಪಸು ಬರುತ್ತದೆ, ಸಂಖ್ಯೆ ಒತ್ತಿ’ ಎನ್ನುವವರು ಕಳ್ಳರು. ಹಣ ಹೋಯಿತೆಂದು ತಿಳಿದ ತಕ್ಷಣ 1930ಕ್ಕೆ ಫೋನು ಮಾಡಬೇಕು, ಮರುದಿನವಲ್ಲ.

ಗೆದ್ದ ಮೇಲೆ

ಹಣ ಕಟ್ಟಲೂ ದೋಣಿ ಎತ್ತಲೂ ಗಡುವು ಇರುತ್ತದೆ. ಗಡುವು ಮೀರಿದರೆ ನೆಲಬಾಡಿಗೆ ಬೀಳುತ್ತದೆ. ರಸ್ತೆಯ ವಾಹನದ ಅಗಲಕ್ಕೆ 2.6 ಮೀಟರಿನ ಮಿತಿ ಇರುವುದರಿಂದ, ಎಂಟೂವರೆ ಅಡಿಗಿಂತ ಅಗಲದ ದೋಣಿಯನ್ನು ಲಾರಿಯಲ್ಲಿ ತರಲು ಮುಂಚಿತವಾಗಿ ಅನುಮತಿ ವಿಚಾರಿಸಿಕೊಳ್ಳಬೇಕು. ಮಳೆಗಾಲದ ಕಡಲಿನಲ್ಲಿ ಎಳೆದು ತರುವ ಯೋಚನೆ ಬೇಡ.

ತಂದ ದೋಣಿ ಮರದ್ದಾಗಿದ್ದು, ತಿಂಗಳುಗಟ್ಟಲೆ ದಂಡೆಯ ಮೇಲೆ ಒಣಗಿದ್ದರೆ, ಮೊದಲ ದಿನ ನೀರಿಗಿಳಿಸಿದಾಗ ಸಂದುಗಳಿಂದ ಸೋರುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಎಂಜಿನ್ ಕಟ್ಟದೆ, ಹೊಳೆಯ ದಡದ ಮೊಣಕಾಲುದ್ದ ನೀರಿನಲ್ಲಿ ಹಗ್ಗ ಹಾಕಿ ಕೆಲವು ದಿನ ಬಿಡಿ. ಹಲಗೆಗಳು ನೀರು ಕುಡಿದು ಊದಿ ಸಂದು ತಾನಾಗಿ ಮುಚ್ಚುತ್ತದೆ. ನಾಲ್ಕೈದು ದಿನ ಕಳೆದರೂ ನೀರು ಬರುತ್ತಲೇ ಇದ್ದರೆ ಆಚಾರಿಯನ್ನು ಕರೆಸಿ, ಆ ಸಂದಿನ ಹಳೆಯ ಹತ್ತಿಯನ್ನು ಕಿತ್ತು ಹೊಸದಾಗಿ ತುಂಬಿಸಬೇಕು.