ಕೊಲೆಸ್ಟ್ರಾಲ್ ಮಾತ್ರೆಯೂ ದೇವನಹಳ್ಳಿ ಚಕ್ಕೋತವೂ

ತಪ್ಪು ಕಲ್ಪನೆ: ಕೊಲೆಸ್ಟ್ರಾಲ್ ಮಾತ್ರೆ ನುಂಗುವವರು ಹುಳಿಹಣ್ಣು ಮುಟ್ಟಬಾರದು.

ವಾಸ್ತವ: ಮೋಸಂಬಿ, ಕಿತ್ತಳೆ, ನಿಂಬೆ ಪಾನಕಗಳಿಗೆ ಯಾವ ಅಡ್ಡಿಯೂ ಇಲ್ಲ. ಈ ಎಚ್ಚರಿಕೆ ಹುಟ್ಟಿದ್ದು ಗ್ರೇಪ್‌ಫ್ರೂಟ್ ಎಂಬ ಹಣ್ಣಿನಿಂದ. ಬೆಂಗಳೂರಿನ ಆರ್.ಟಿ. ನಗರದ ತಳ್ಳುಗಾಡಿಗಳಲ್ಲಿ ಅದು ಕಾಣುವುದೇ ಅಪರೂಪ, ಹಾಗಾಗಿ ನಮ್ಮವರು ಆ ಮಾತನ್ನು ಅಲ್ಲಿಗೇ ಬಿಡುತ್ತಾರೆ. ಆದರೆ ಚಕ್ಕೋತ ಅದರ ತಾಯಿ ಕುಲ. ಯಲಹಂಕ ದಾಟಿದರೆ ಸಿಗುವ ದೇವನಹಳ್ಳಿಯ ಚಕ್ಕೋತಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೇ ಇದೆ. ದಪ್ಪ ಸಿಪ್ಪೆ ಸುಲಿದು, ಕಹಿ ಪೊರೆ ಬಿಡಿಸಿ, ಕೆಂಪು ತೊಳೆಗೆ ಉಪ್ಪು-ಖಾರದಪುಡಿ ಉದುರಿಸಿ ತಿನ್ನುವ ಹಣ್ಣು. ಬಿಡುವುದು ಕಷ್ಟವೇ.

ಈ ಹಣ್ಣುಗಳಲ್ಲಿ ಫ್ಯೂರಾನೊಕೌಮರಿನ್ ಎಂಬ ಅಂಶವಿದೆ, ತಳಿಯಿಂದ ತಳಿಗೆ ಹೆಚ್ಚುಕಡಿಮೆ. ಕೆಲವು ಮಾತ್ರೆಗಳ ಔಷಧಿಯನ್ನು ಕರುಳಿನಲ್ಲೇ ಒಂದಷ್ಟು ಒಡೆದುಹಾಕುವ ಕಿಣ್ವವನ್ನು ಅದು ಕೆಡಿಸುತ್ತದೆ. ಆಗ ಔಷಧಿ ಬೇಕಾದ್ದಕ್ಕಿಂತ ಹೆಚ್ಚು ರಕ್ತಕ್ಕೆ ಸೇರಿ, ಸ್ನಾಯುಗಳಿಗೆ ಪೆಟ್ಟು ಬೀಳಬಹುದು. ಸಿಮ್ವಾಸ್ಟಾಟಿನ್‌ಗೆ ಈ ತೊಂದರೆ ಜಾಸ್ತಿ, ಅಟೊರ್ವಾಸ್ಟಾಟಿನ್‌ಗೆ ಕಡಿಮೆ, ರೊಸುವಾಸ್ಟಾಟಿನ್‌ಗೆ ಇಲ್ಲವೆಂದೇ ಹೇಳಬೇಕು. ನಿಮ್ಮ ಮಾತ್ರೆ ಯಾವುದೆಂದು ಶೀಟಿನ ಹಿಂಬದಿಯಲ್ಲಿ ನೋಡಿಕೊಳ್ಳಿ.

ತಪ್ಪು ಕಲ್ಪನೆ: ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದರೆ ಸರಿಹೋಯಿತು.

ವಾಸ್ತವ: ಈ ಜಾಣತನ ನಡೆಯದು. ಕೆಟ್ಟುಹೋದ ಕಿಣ್ವ ಮತ್ತೆ ತುಂಬಿಕೊಳ್ಳಲು ಒಂದು ದಿನಕ್ಕೂ ಹೆಚ್ಚು ಬೇಕು.

ತಪ್ಪು ಕಲ್ಪನೆ: ಗ್ಯಾಸ್‌ಗೆ ಕುಡಿಯುವ ಸಿರಪ್ಪು ಏನು ಮಾಡೀತು?

ವಾಸ್ತವ: ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ಡನ್ನು ರೊಸುವಾಸ್ಟಾಟಿನ್ ಜೊತೆಗೇ ತೆಗೆದುಕೊಂಡರೆ ಮೈಗೆ ಸೇರುವ ಔಷಧಿ ಅರ್ಧಕ್ಕೆ ಇಳಿಯುತ್ತದೆ. ಮಾತ್ರೆ ನುಂಗಿ 2 ಗಂಟೆ ಕಳೆದ ಮೇಲೆ ಸಿರಪ್ಪು ಕುಡಿಯಿರಿ.

ತಪ್ಪು ಕಲ್ಪನೆ: ಮಾತ್ರೆ ಇದೆಯಲ್ಲ, ಏನು ಬೇಕಾದರೂ ತಿನ್ನಬಹುದು.

ವಾಸ್ತವ: ನನ್ನ ಪ್ರಕಾರ ಚಕ್ಕೋತಕ್ಕಿಂತ ದೊಡ್ಡ ಶತ್ರು ಇದೇ. ಸಂಜೆ ಹೆಬ್ಬಾಳದ ಯಾವುದೇ ಬೇಕರಿಯ ಮುಂದೆ ನಿಂತು ನೋಡಿ: ಪಫ್ಸು, ದಿಲ್‌ಪಸಂದ್, ಅದರ ಮೇಲೊಂದು ಟೀ. ಎಣ್ಣೆ-ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ ಶೇ 2 ಮೀರಬಾರದೆಂಬ ನಿಯಮ 2022ರಿಂದ ಇದೆ, ಸರಿ. ಆದರೆ ಬೆಣ್ಣೆ, ಪಾಮ್ ಎಣ್ಣೆಗಳ ಗಟ್ಟಿ ಕೊಬ್ಬು ಹಾಗೇ ಉಳಿದಿದೆ. ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದು ಮುಖ್ಯವಾಗಿ ಅದೇ. ಎಣ್ಣೆ ಪ್ಯಾಕೆಟ್ಟಿನ ಮೇಲಿನ ‘ಕೊಲೆಸ್ಟ್ರಾಲ್ ಇಲ್ಲ’ ಎಂಬ ಬರಹಕ್ಕೆ ಮರುಳಾಗಬೇಡಿ. ಗಿಡದಿಂದ ತೆಗೆದ ಎಣ್ಣೆಯಲ್ಲಿ ಅದು ಇರುವುದೇ ಇಲ್ಲವೆನ್ನಬಹುದು.

ತಪ್ಪು ಕಲ್ಪನೆ: ರಿಪೋರ್ಟು ನಾರ್ಮಲ್ ಬಂತು, ಮಾತ್ರೆ ಬಿಡಬಹುದು.

ವಾಸ್ತವ: ನಾರ್ಮಲ್ ಬಂದದ್ದು ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಮೈಕೈ ನೋವು ಕಾಣಿಸಿದರೆ ಡಾಕ್ಟರಿಗೆ ಹೇಳಿ. ನೋವು ವಿಪರೀತವಾಗಿ ಮೂತ್ರ ಕಪ್ಪು ಟೀಯಂತೆ ಹೋದರೆ ಅಂದೇ ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಶೀಟು, ಸಿರಪ್ಪು, ನಾಟಿ ಪುಡಿಗಳನ್ನು ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ. ಚಕ್ಕೋತ ತಿನ್ನುವ ವಿಷಯವನ್ನೂ ಮುಚ್ಚಿಡಬೇಡಿ.